ಘಟ್ಟದ ಮೇಲೊಂದು ಫ್ರಾಗ್‌ಫಿಶ್

ತೀರ್ಥಹಳ್ಳಿ ಹತ್ತಿರದ ತೋಟದ ಮನೆಯಲ್ಲಿ ಸಮುದ್ರದ ಮೀನು ಸಾಕ್ತೀನಿ ಅಂದಾಗ ಎಲ್ಲರೂ ಮೊದಲು ಕೇಳಿದ್ದು ಒಂದೇ ಪ್ರಶ್ನೆ. ನೀರು ಎಲ್ಲಿಂದ ತರ್ತೀಯ? ಆಗುಂಬೆ ಘಾಟಿ ಇಳಿದು ಸೋಮೇಶ್ವರ, ಹೆಬ್ರಿ ದಾಟಿದರೆ ಉಡುಪಿ, ಅದರಾಚೆ ಮಲ್ಪೆ. ಕ್ಯಾನ್ ತಗೊಂಡು ಹೋಗಿ ತುಂಬಿಸಿಕೊಂಡು ಬಂದರಾಯ್ತಲ್ವಾ ಅಂತ ಅಪ್ಪಯ್ಯನೂ ಹೇಳಿದರು.

ಆ ದಾರಿ ನನಗೆ ಸರಿ ಕಾಣಲಿಲ್ಲ. ದಡದ ನೀರಿನ ಉಪ್ಪು ವರ್ಷವಿಡೀ ಒಂದೇ ಥರ ಇರುವುದಿಲ್ಲ. ಆಗುಂಬೆಯ ಆ ಕಡೆ ಸುರಿದ ಮಳೆಯೆಲ್ಲ ಸೀತಾನದಿಯಲ್ಲಿ ಇಳಿದು ಸಮುದ್ರ ಸೇರುತ್ತದೆ. ಘಟ್ಟದಿಂದ ಹಾಗೆ ಇಳಿಯುವ ಹೊಳೆಗಳು ಎಷ್ಟೋ. ಜುಲೈನಲ್ಲಿ ತುಂಬಿದ ನೀರು, ಫೆಬ್ರವರಿಯಲ್ಲಿ ತುಂಬಿದ ನೀರು ಎರಡೂ ಬೇರೆ ಬೇರೆಯೇ. ಬಂದರಿನ ಹತ್ತಿರವಾದರೆ ಡೀಸೆಲ್ ಎಣ್ಣೆ ಬೇರೆ. ಹವಳದ ದಿಬ್ಬದ ಮೀನುಗಳಿಗೆ ನೀರು ದಿನಾ ಒಂದೇ ಹದದಲ್ಲಿ ಇರಬೇಕು. ಹಾಗಾಗಿ ಮರೀನ್ ಸಾಲ್ಟ್ ತರಿಸಿ ಮನೆಯಲ್ಲೇ ಸಮುದ್ರದ ನೀರು ಮಾಡಿಕೊಂಡೆ. ಅಡುಗೆ ಉಪ್ಪಿನಿಂದ ಈ ಕೆಲಸ ಆಗುವುದಿಲ್ಲ. ಮರೀನ್ ಸಾಲ್ಟ್‌ನಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಬೈಕಾರ್ಬನೇಟ್ ಎಲ್ಲ ಸಮುದ್ರದಲ್ಲಿರುವ ಲೆಕ್ಕಕ್ಕೆ ಹತ್ತಿರವಾಗಿಯೇ ಇರುತ್ತವೆ. ಲೀಟರಿಗೆ ಸುಮಾರು 36 ಗ್ರಾಂ. ನನ್ನ ಟ್ಯಾಂಕ್ ಎರಡೂವರೆ ಅಡಿ ಉದ್ದ, ಒಂದೂಕಾಲು ಅಡಿ ಅಗಲ, ಒಂದೂವರೆ ಅಡಿ ಎತ್ತರ. ಅಂಚಿನವರೆಗೆ ತುಂಬಿದರೆ ಹೆಚ್ಚುಕಡಿಮೆ 130 ಲೀಟರ್ ಹಿಡಿಯುತ್ತದೆ. ಅಷ್ಟಕ್ಕೆ ನಾಲ್ಕೂವರೆ ಕೆಜಿಗಿಂತ ಸ್ವಲ್ಪ ಜಾಸ್ತಿ ಉಪ್ಪು ಬೇಕು.

ಮೊದಲು ಮನಸ್ಸಿನಲ್ಲಿದ್ದದ್ದು ಕಡಲ್ಗುದುರೆ. ಓದುತ್ತಾ ಹೋದ ಹಾಗೆ ಅದು ಆಗದ ಮಾತು ಅಂತ ಗೊತ್ತಾಯಿತು. ಕಡಲ್ಗುದುರೆ ಮತ್ತು ಅದರ ಬಳಗದ ಪೈಪ್‌ಫಿಶ್‌ಗಳೆಲ್ಲ 2001ರಿಂದ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿವೆ. ದಿಬ್ಬ ಕಟ್ಟುವ ಹವಳಗಳೂ ಅದೇ ವರ್ಷ ಪಟ್ಟಿಗೆ ಸೇರಿದವು. ಇದು ಸರಿಯಾದ ಕಾನೂನು ಅಂತಲೇ ನನ್ನ ಅಭಿಪ್ರಾಯ. ಟ್ಯಾಂಕ್ ಚಂದ ಕಾಣಲಿ ಅಂತ ಯಾರೋ ಸಮುದ್ರದ ತಳದಿಂದ ಹವಳ ಮುರಿದು ತರುವುದು ಯಾವ ನ್ಯಾಯ? ಹಾಗಾಗಿ ಕಲ್ಲಿಗೂ ನಾನು ಹವಳ ಬಳಸಲಿಲ್ಲ. ಸೆರಾಮಿಕ್‌ನಲ್ಲಿ ಮಾಡಿದ, ಒಳಗೆಲ್ಲ ತೂತು ತೂತಾಗಿರುವ ಕಲ್ಲುಗಳು ಸಿಗುತ್ತವೆ. ಅವನ್ನೇ ಜೋಡಿಸಿದೆ. ನೀರಿನ ಕೊಳೆ ಅರಗಿಸುವ ಬ್ಯಾಕ್ಟೀರಿಯಕ್ಕೆ ಕೂರಲು ಜಾಗ ಸಿಕ್ಕರೆ ಆಯಿತು.

ಕೊನೆಗೆ ಆರಿಸಿಕೊಂಡದ್ದು ವಾರ್ಟ್‌ಸ್ಕಿನ್ ಫ್ರಾಗ್‌ಫಿಶ್. ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್‌ನ ಪಶ್ಚಿಮ ಭಾಗದ ಹವಳ ದಿಬ್ಬಗಳ ಮೀನು ಇದು. ವೈಜ್ಞಾನಿಕ ಹೆಸರು ಆಂಟೆನೇರಿಯಸ್ ಮ್ಯಾಕ್ಯುಲೇಟಸ್. ಪೂರ್ತಿ ಬೆಳೆದರೂ ಗೇಣಿಗಿಂತ ಕಡಿಮೆ. ಮೈಯೆಲ್ಲ ಗುಳ್ಳೆ ಗುಳ್ಳೆ. ಬೇರೆ ಮೀನುಗಳಿಗಿರುವ ಹುರುಪೆ ಇದಕ್ಕಿಲ್ಲ. ತೇಲುವ ಗೋಜಿಗೆ ಹೋಗದೆ ಕಲ್ಲಿನ ಮೇಲೆ ಕೂತಿರುತ್ತದೆ. ಮುಂದಿನ ರೆಕ್ಕೆಗಳು ಮೊಣಕೈ ಇರುವ ಕೈಗಳಂತೆಯೇ ಮಡಚುತ್ತವೆ. ಆ ಕೈಗಳಲ್ಲಿ ಕಲ್ಲು ಹಿಡಿದು ನಡೆಯುತ್ತದೆ. ಹಣೆಯ ಮೇಲೆ ಒಂದು ಕೂದಲೆಳೆಯ ಗಾಳ, ಅದರ ತುದಿಗೆ ಪುಟ್ಟ ಮೀನಿನ ಆಕಾರದ ಚರ್ಮದ ತುಂಡು. ಬೆನ್ನಿನ ಮೊದಲ ಮುಳ್ಳೇ ಹಾಗೆ ಬದಲಾಗಿ ಗಾಳ ಆಗಿರುವುದು. 1978ರಲ್ಲಿ ಥಿಯೋಡೋರ್ ಪೀಟ್ಷ್ ಮತ್ತು ಡೇವಿಡ್ ಗ್ರೋಬೆಕರ್ ಎಂಬ ವಿಜ್ಞಾನಿಗಳು ಈ ಮೀನಿನ ಗಾಳದ ಬಗ್ಗೆಯೇ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದಿದ್ದರು. ಆ ಲೇಖನದ ವಿಷಯ ಓದಿದ ಮೇಲೆ ಬೇರೆ ಯಾವ ಮೀನೂ ಮನಸ್ಸಿಗೆ ಹಿಡಿಸಲಿಲ್ಲ.

ನಮ್ಮ ಕಡೆಯವರಿಗೆ ಮೀನು ನೋಡುತ್ತಾ ಕೂರುವುದು ಹೊಸದಲ್ಲ. ಶೃಂಗೇರಿಗೆ ಹೋದರೆ ತುಂಗೆಯ ಮೀನುಗಳಿಗೆ ಮಂಡಕ್ಕಿ ಹಾಕದೆ ಯಾರೂ ವಾಪಸ್ ಬರುವುದಿಲ್ಲ. ಇಲ್ಲೇ ಚಿಬ್ಬಲಗುಡ್ಡೆಯ ಮತ್ಸ್ಯಧಾಮದಲ್ಲಿ ಮೆಟ್ಟಿಲ ಮೇಲೆ ಕೂತರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ಆದರೆ ಅವು ಕೈ ತೋರಿಸಿದರೆ ಓಡಿ ಬರುವ ಮೀನುಗಳು. ಫ್ರಾಗ್‌ಫಿಶ್ ಹಾಗಲ್ಲ. ಅದನ್ನು ನೋಡಬೇಕಾದರೆ ಅದರ ಹಾಗೇ ಸುಮ್ನೆ ಕೂರಬೇಕು. ನನಗೆ ಬೇಕಾಗಿದ್ದೂ ಅದೇ.

ಇನ್ನು ನೀರಿನ ವಿಷಯ. ನಮ್ಮ ಬಾವಿ ನೀರು ಮೆದು. ಟಿಡಿಎಸ್ ಮೀಟರ್ ಅದ್ದಿದರೆ ಬರುವ ಅಂಕಿ ತುಂಬಾ ಕಡಿಮೆ. ಅದನ್ನೇ ಹಾಕಬಹುದಲ್ಲ ಅನ್ನಿಸುತ್ತದೆ. ಆದರೂ ಆರ್‌ಒ ಹಾಕಿಸಿ, ಅದರ ಮುಂದೆ ಉಳಿದ ಲವಣವನ್ನೂ ಹಿಡಿಯುವ ಡಿಐ ಫಿಲ್ಟರ್ ಸೇರಿಸಿದೆ. ಕಾರಣ, ಸುತ್ತ ಇರುವ ಅಡಿಕೆ ತೋಟ. ಮಳೆ ಹಿಡಿಯುವ ಹೊತ್ತಿಗೆ ಅಡಿಕೆ ಕೊನೆಗಳಿಗೆ ಬೋರ್ಡೋ ದ್ರಾವಣ ಹೊಡೆಯದಿದ್ದರೆ ಕೊಳೆ ರೋಗ ಬಂದು ಕಾಯಿ ಉದುರುತ್ತದೆ. ಮಳೆ ಬಿಡುವು ಕೊಟ್ಟಾಗ ಇನ್ನೊಂದು ಸಲ ಹೊಡೆಯಬೇಕು. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್. ಕೊಳೆಯ ಬೂಸ್ಟನ್ನು ಕೊಲ್ಲುವ ಆ ತಾಮ್ರವೇ ಸಮುದ್ರದ ಜೀವಿಗಳಿಗೆ ವಿಷ. ಸಿಗಡಿ, ಏಡಿಗಳಿಗೆ ತೀರಾ ಸಣ್ಣ ಪ್ರಮಾಣವೂ ಸಾಕು. ಮೀನುಗಳಲ್ಲೂ ಹುರುಪೆ ಇಲ್ಲದವು ತಾಮ್ರವನ್ನು ಸಹಿಸುವುದು ಕಷ್ಟ. ಟಿಡಿಎಸ್ ಮೀಟರ್ ನೀರಿನಲ್ಲಿ ಕರಗಿರುವುದು ಒಟ್ಟು ಎಷ್ಟು ಅಂತ ಅಂದಾಜು ಕೊಡುತ್ತದೆಯೇ ಹೊರತು ಅದರಲ್ಲಿ ತಾಮ್ರ ಇದೆಯೋ ಇಲ್ಲವೋ ಹೇಳುವುದಿಲ್ಲ.

ಈ ವಿಷಯ ಯಾವ ಪೇಟೆಯ ಅಕ್ವೇರಿಯಂ ಅಂಗಡಿಯವರೂ ನಮಗೆ ಹೇಳಲಾರರು, ಅವರಿಗೆ ಅದರ ಅಗತ್ಯವೂ ಬರುವುದಿಲ್ಲ. ಆದರೆ ತೋಟದ ಮನೆಯಲ್ಲಿ ಉಪ್ಪು ನೀರಿನ ಟ್ಯಾಂಕ್ ಇಡುವವರು ಮೊದಲು ಯೋಚಿಸಬೇಕಾದದ್ದು ಇದನ್ನೇ. ನಮ್ಮ ಮನೆಯಲ್ಲಿ ಟ್ಯಾಂಕಿನ ಬಕೆಟ್, ಮಗ್, ಪೈಪು ಎಲ್ಲ ಬೇರೆ. ಅವಕ್ಕೆ ಕೆಂಪು ಟೇಪ್ ಸುತ್ತಿದೆ. ಅವು ಕೊಟ್ಟಿಗೆ ಕಡೆ ಹೋಗುವ ಹಾಗಿಲ್ಲ. ಔಷಧಿ ಹೊಡೆಯುವ ದಿನ ಆ ಕೋಣೆಯ ಕಿಟಕಿ ಮುಚ್ಚಿರುತ್ತದೆ. ತೋಟದಿಂದ ಬಂದವರು ಸ್ನಾನ ಮಾಡದೆ ಟ್ಯಾಂಕಿಗೆ ಕೈ ಹಾಕುವುದಿಲ್ಲ. ಅಮ್ಮ ಇದನ್ನು ನನಗಿಂತ ಕಟ್ಟುನಿಟ್ಟಾಗಿ ಪಾಲಿಸುತ್ತಾರೆ.

ಟ್ಯಾಂಕಿಗೆ ನೀರು ತುಂಬಿದ ಕೂಡಲೇ ಮೀನು ಬಿಡುವ ಹಾಗಿಲ್ಲ. ಸೈಕಲ್ ಆಗಬೇಕು, ಅಂದರೆ ಬೇಕಾದ ಬ್ಯಾಕ್ಟೀರಿಯ ಬೆಳೆದು ನೆಲೆಯಾಗಬೇಕು. ಮೀನಿನ ಮೈಯಿಂದ, ಉಳಿದ ಆಹಾರದಿಂದ ಅಮೋನಿಯ ಬರುತ್ತದೆ. ಒಂದು ಜಾತಿಯ ಬ್ಯಾಕ್ಟೀರಿಯ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಅದನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಅಷ್ಟು ಕೆಟ್ಟದ್ದಲ್ಲ, ನೀರು ಬದಲಿಸಿ ತೆಗೆಯಬಹುದು. ಮೊದಲ ಎರಡು ಮಾತ್ರ ಕೊಲ್ಲುವಂಥವು. ಸಮುದ್ರದ ನೀರಿನ ಪಿಎಚ್ 8ಕ್ಕಿಂತ ಮೇಲೆ. ಪಿಎಚ್ ಏರಿದಷ್ಟೂ ಅಮೋನಿಯದ ವಿಷದ ಪಾಲು ಜಾಸ್ತಿ. ಅದಕ್ಕೇ ಸಿಹಿನೀರಿನ ಟ್ಯಾಂಕಿನಲ್ಲಿ ನಡೆದುಹೋಗುವ ಅವಸರ ಇಲ್ಲಿ ನಡೆಯುವುದಿಲ್ಲ. ಒಂದು ತುಂಡು ಸಿಗಡಿ ಹಾಕಿ ಕೊಳೆಯಲು ಬಿಟ್ಟೆ. ಆಗ ಆಗಸ್ಟ್ ತಿಂಗಳು, ಹೊರಗೆ ಜಡಿಮಳೆ. ತಣ್ಣಗಿನ ನೀರಿನಲ್ಲಿ ಬ್ಯಾಕ್ಟೀರಿಯ ನಿಧಾನ. ಹೀಟರ್ ಹಾಕಿ 26 ಡಿಗ್ರಿಗೆ ನಿಲ್ಲಿಸಿದೆ. ಟೆಸ್ಟ್ ಕಿಟ್‌ನ ಗಾಜಿನ ನಳಿಕೆಗೆ ನೀರು ಹಾಕಿ ಹನಿ ಬಿಟ್ಟರೆ ಅಮೋನಿಯ ಇದ್ದಷ್ಟೂ ಹಸಿರು ಗಾಢವಾಗುತ್ತದೆ. ಮೊದಲು ಕಡು ಹಸಿರು, ಆಮೇಲೆ ಎಲೆ ಹಸಿರು, ಒಂದು ದಿನ ಬರೀ ಹಳದಿ. ನೈಟ್ರೈಟ್ ಇಳಿಯಲು ಇನ್ನೂ ಕೆಲವು ವಾರ ಹಿಡಿಯಿತು. ಅಷ್ಟೂ ದಿನ ಬರೀ ನೀರು, ಕಲ್ಲು ಇರುವ ಗಾಜಿನ ಪೆಟ್ಟಿಗೆಯನ್ನೇ ನೋಡುತ್ತಿದ್ದೆ. ಬಂದವರು ಮೀನೆಲ್ಲಿ ಅಂತ ಕೇಳುವರು. ಬರ್ತದೆ ಅನ್ನುತ್ತಿದ್ದೆ.

ಪ್ರೋಟೀನ್ ಸ್ಕಿಮ್ಮರ್ ಬಗ್ಗೆ ಒಂದು ಮಾತು. ಉಪ್ಪು ನೀರಿನಲ್ಲಿ ತೀರಾ ಸಣ್ಣ ಗುಳ್ಳೆ ಏಳುತ್ತದೆ, ಆ ಗುಳ್ಳೆಗೆ ನೀರಿನ ಕೊಳೆ ಅಂಟಿಕೊಂಡು ಮೇಲೆ ಬಂದು ಕಪ್‌ನಲ್ಲಿ ಕಂದು ನೊರೆಯಾಗಿ ಸೇರುತ್ತದೆ. ವಾಸನೆ ತಡೆಯಲಾಗದು. ಆದರೆ ಇಡೀ ಸಿಗಡಿ ನುಂಗುವ ಮೀನಿಗೆ ಇದು ಬೇಕೇ ಬೇಕು. ದುಡ್ಡು ಉಳಿಸಬೇಕಾದರೆ ಲೈಟಿನಲ್ಲಿ ಉಳಿಸಿ, ಇದರಲ್ಲಿ ಬೇಡ.

ಮೀನು ಸಿಕ್ಕಿದ್ದು ಬೆಂಗಳೂರಿನ ಒಂದು ಅಂಗಡಿಯಲ್ಲಿ. ಮೊದಲೇ ಫೋನ್ ಮಾಡಿ, ಅದು ತಿನ್ನುವುದನ್ನು ನನ್ನ ಕಣ್ಣೆದುರು ತೋರಿಸಬೇಕು ಅಂತ ಕೇಳಿಕೊಂಡಿದ್ದೆ. ಅವರು ಬೇಸರ ಮಾಡಿಕೊಳ್ಳದೆ ತೋರಿಸಿದರು. ಹಸಿ ಅಡಿಕೆಕಾಯಿ ಗಾತ್ರದ ಮರಿ. ಮಾಸಲು ಹಳದಿ ಮೈ, ಅಲ್ಲಲ್ಲಿ ಇಟ್ಟಿಗೆ ಬಣ್ಣದ ಮಚ್ಚೆ. ಚೀಲಕ್ಕೆ ಹಾಕುವಾಗ ಬಲೆಯಲ್ಲಿ ಎತ್ತಬೇಡಿ ಅಂದೆ. ಈ ಮೀನು ನೀರಿನಿಂದ ಮೇಲೆ ಬಂದರೆ ಗಾಳಿ ನುಂಗಿಬಿಡುತ್ತದೆ, ನುಂಗಿದ ಗಾಳಿ ಹೊರಗೆ ಹಾಕಲಾಗದೆ ಸಾಯುವುದೂ ಉಂಟು. ಡಬ್ಬಿಯನ್ನು ನೀರೊಳಗೇ ಮುಳುಗಿಸಿ, ಮೀನು ಅದರೊಳಗೆ ಹೋಗುವ ಹಾಗೆ ಮಾಡಿ, ನೀರಿನ ಸಮೇತ ಚೀಲಕ್ಕೆ ಇಳಿಸಿದರು. ಆಕ್ಸಿಜನ್ ತುಂಬಿ ಥರ್ಮಾಕೋಲ್ ಪೆಟ್ಟಿಗೆಯಲ್ಲಿಟ್ಟರು. ರಾತ್ರಿ ರೈಲಿನಲ್ಲಿ ಶಿವಮೊಗ್ಗ, ಅಲ್ಲಿಂದ ಬೆಳಗಿನ ಬಸ್ಸು. ಪೆಟ್ಟಿಗೆ ಪೂರ್ತಿ ದಾರಿ ನನ್ನ ಮಡಿಲಲ್ಲೇ ಇತ್ತು.

ಮನೆಗೆ ಬಂದ ಮೇಲೆ ಹೊಸ ನೀರನ್ನು ಹನಿ ಹನಿಯಾಗಿ ಬೆರೆಸುತ್ತಾ ಗಂಟೆಗಟ್ಟಲೆ ಕಾಯಬೇಕು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ದೂರದಿಂದ ಬಂದ ಮೀನಿಗೆ ಅದು ಅಪಾಯ. ಮುಚ್ಚಿದ ಚೀಲದಲ್ಲಿ ಮೀನು ಬಿಟ್ಟ ಇಂಗಾಲದ ಡೈಆಕ್ಸೈಡ್ ಸೇರಿ ನೀರಿನ ಪಿಎಚ್ ಇಳಿದಿರುತ್ತದೆ. ಹಾಗಾಗಿ ಸೇರಿದ ಅಮೋನಿಯ ಅಷ್ಟು ತೊಂದರೆ ಕೊಡುತ್ತಿರುವುದಿಲ್ಲ. ಚೀಲ ಬಿಚ್ಚಿದ ಕೂಡಲೇ ಆ ಗಾಳಿ ಹೊರಟುಹೋಗಿ ಪಿಎಚ್ ಏರುತ್ತದೆ, ಅಮೋನಿಯ ವಿಷವಾಗುತ್ತದೆ. ಅದಕ್ಕೆ ಅಂಗಡಿಯ ನೀರಿನ ಉಪ್ಪು ಎಷ್ಟು ಅಂತ ಮೊದಲೇ ಕೇಳಿ, ಕ್ವಾರಂಟೈನ್ ಟಬ್‌ನ ನೀರನ್ನು ರಿಫ್ರಾಕ್ಟೋಮೀಟರ್‌ನಲ್ಲಿ ನೋಡಿ ಅದೇ ಅಳತೆಗೆ ತಂದಿಟ್ಟಿದ್ದೆ. ಚೀಲ ತೇಲಿಸಿ ಬಿಸಿ ಸಮ ಆದ ಮೇಲೆ ಬಿಚ್ಚಿ, ತಡ ಮಾಡದೆ ಡಬ್ಬಿಯಲ್ಲೇ ಆಚೆ ಸಾಗಿಸಿದೆ. ಅಲ್ಲಿ ಕೆಲವು ವಾರ ಇಟ್ಟು, ಮೈ ಮೇಲೆ ಬಿಳಿ ಚುಕ್ಕೆ ಏನೂ ಇಲ್ಲ ಅಂತ ಖಾತ್ರಿಯಾದ ಮೇಲೆ ಟ್ಯಾಂಕಿಗೆ ಬಿಟ್ಟೆ.

ಅಪ್ಪಯ್ಯ ಕುರ್ಚಿ ಎಳೆದುಕೊಂಡು ಬಂದು ಕೂತರು. ಸ್ವಲ್ಪ ಹೊತ್ತು ನೋಡಿ, “ಇದಕ್ಕೆ ಜೀವ ಇದೆಯೇನೋ?” ಅಂದರು.

“ಇದೆ ಅಪ್ಪಯ್ಯ. ಕಣ್ಣು ನೋಡಿ.”

ಕಣ್ಣು ಮಾತ್ರ ತಿರುಗುತ್ತಿತ್ತು. ತುಂಗೆಯ ಅಂಚಿನಲ್ಲಿ ಹಿಡಿದು ತಂದ ಸಣ್ಣ ಸಿಗಡಿಯೊಂದನ್ನು, ಅದರ ಕೊಂಡಿ ಮುರಿದು, ಟ್ಯಾಂಕಿಗೆ ಬಿಟ್ಟಿದ್ದೆ. ಸಿಹಿನೀರಿನ ಸಿಗಡಿಯಾದರೂ ಉಪ್ಪು ನೀರಿನಲ್ಲಿ ಸ್ವಲ್ಪ ಹೊತ್ತು ಓಡಾಡುತ್ತದೆ. ಅದು ಕಲ್ಲಿನ ಬುಡದಲ್ಲಿ ಮೀಸೆ ಆಡಿಸುತ್ತಾ ಬಂತು. ಮೀನು ಎಡಗೈ ಎತ್ತಿ ಒಂದು ಹೆಜ್ಜೆ ಮುಂದಿಟ್ಟಿತು. ಆಮೇಲೆ ಬಲಗೈ. ಹಣೆಯ ಗಾಳ ಇಷ್ಟು ಹೊತ್ತು ತಲೆಗೆ ಅಂಟಿಕೊಂಡಿದ್ದದ್ದು ಈಗ ಮುಂದಕ್ಕೆ ಬಾಗಿತು. ತುದಿಯ ಚರ್ಮ ಬಿಚ್ಚಿಕೊಂಡು ಪುಟ್ಟ ಮೀನೊಂದು ನೀರಿನಲ್ಲಿ ಈಜುವ ಥರವೇ ಅಲುಗಿತು. ಸಿಗಡಿ ಅತ್ತ ತಿರುಗಿತು. ಅಷ್ಟೇ. ಸಿಗಡಿ ಅಲ್ಲಿರಲಿಲ್ಲ. ಮೀನಿನ ಬಾಯಿ ಮುಚ್ಚುವುದನ್ನಷ್ಟೇ ನಾವು ಕಂಡದ್ದು. ಕಂಕುಳಿನ ಹತ್ತಿರದಿಂದ ಒಂದಿಷ್ಟು ಮರಳು ಹಾರಿತು. ಇದರ ಕಿವಿರಿನ ರಂಧ್ರ ಇರುವುದು ಅಲ್ಲೇ, ಮುಂದಿನ ರೆಕ್ಕೆಯ ಬುಡದಲ್ಲಿ. ನುಂಗಿದ ನೀರು ಅಲ್ಲಿಂದ ಹೊರಗೆ ಬರುತ್ತದೆ. ಒಂದು ಮೀಸೆ ತುಟಿಯ ಹೊರಗೆ ಉಳಿದಿತ್ತು. ಇನ್ನೊಂದು ಗುಕ್ಕಿಗೆ ಅದೂ ಒಳಗೆ ಹೋಯಿತು.

ಈ ವೇಗವನ್ನು ಅಳೆದದ್ದೂ ಅದೇ ಇಬ್ಬರು ವಿಜ್ಞಾನಿಗಳು, 1979ರಲ್ಲಿ, ಹೈಸ್ಪೀಡ್ ಸಿನಿಮಾ ಕ್ಯಾಮೆರಾ ಇಟ್ಟು. ಫ್ರಾಗ್‌ಫಿಶ್ ಬಾಯಿ ತೆರೆದು ಬೇಟೆ ಒಳಗೆಳೆದುಕೊಳ್ಳಲು ಬೇಕಾಗುವುದು ಒಂದು ಸೆಕೆಂಡನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಆರು ಭಾಗ ಮಾತ್ರ. ಬಾಯಿಯ ಒಳಗಿನ ಜಾಗ ಆ ಹೊತ್ತಿನಲ್ಲಿ ಹನ್ನೆರಡು ಪಟ್ಟಿನವರೆಗೆ ಹಿಗ್ಗುತ್ತದೆ. ನೀರು ನುಗ್ಗಿ ಬರುತ್ತದೆ, ಬೇಟೆ ಅದರ ಜೊತೆಗೇ ಬರುತ್ತದೆ. ನಮ್ಮ ಕಣ್ಣಿಗೆ ಅದು ಸಿಗುವುದಿಲ್ಲ. ಅಪ್ಪಯ್ಯ ಇನ್ನೊಂದು ಸಿಗಡಿ ಹಾಕು ಅಂದರು. ಹಾಕಲಿಲ್ಲ.

ಯಾಕೆಂದರೆ ಈ ಮೀನು ಸಾಯುವುದು ಹಸಿವಿನಿಂದ ಕಡಿಮೆ, ತಿಂದು ಜಾಸ್ತಿ. ಕೊಟ್ಟಷ್ಟೂ ನುಂಗುತ್ತದೆ. ತನ್ನಷ್ಟೇ ಉದ್ದದ ಮೀನನ್ನೂ ನುಂಗಬಲ್ಲದು. ದೊಡ್ಡ ತುತ್ತು ಅರಗದೆ ಹೊಟ್ಟೆಯಲ್ಲೇ ಕೊಳೆಯುತ್ತದೆ. ವಾರಕ್ಕೆ ಎರಡು ಸಲ, ಹೆಚ್ಚೆಂದರೆ ಮೂರು ಸಲ ಸಾಕು. ನೋಡಲು ಬಂದವರಿಗೆ ಇದನ್ನು ಹೇಳುವುದೇ ಕಷ್ಟ. ಎಲ್ಲರಿಗೂ ಅದು ತಿನ್ನುವುದನ್ನೇ ನೋಡಬೇಕು. ದೂರದಿಂದ ಬಂದ ನೆಂಟರ ಮಕ್ಕಳು ಮುಖ ಸಣ್ಣ ಮಾಡಿಕೊಂಡರೂ ತಿನ್ನಿಸುವ ದಿನ ಅಲ್ಲದಿದ್ದರೆ ಇಲ್ಲ.

ಅಂಗಡಿಯಲ್ಲಿ ಸಿಗುವ ಗಪ್ಪಿ, ಗೋಲ್ಡ್‌ಫಿಶ್ ಮರಿಗಳನ್ನು ಹಾಕುವವರಿದ್ದಾರೆ. ಅದು ಬೇಡ. ಸಮುದ್ರದ ಬೇಟೆಮೀನಿಗೆ ಬೇಕಾದ ಕೊಬ್ಬಿನಂಶ ಸಿಹಿನೀರಿನ ಮೀನುಗಳಲ್ಲಿ ಸಾಕಷ್ಟು ಇರುವುದಿಲ್ಲ. ಗೋಲ್ಡ್‌ಫಿಶ್‌ನಲ್ಲಿ ಬಿ1 ವಿಟಮಿನ್ ಹಾಳುಮಾಡುವ ಅಂಶ ಬೇರೆ ಇದೆ. ಹೊಳೆ ಸಿಗಡಿಯನ್ನು ನಾನು ಬಳಸಿದ್ದೂ ಆರಂಭದಲ್ಲಿ ಮಾತ್ರ, ಅದೂ ತೋಟದ ಬಸಿಗಾಲುವೆಯಿಂದ ದೂರದ ಜಾಗದ್ದು. ಆಮೇಲೆ ಸತ್ತ ಆಹಾರಕ್ಕೆ ಅಭ್ಯಾಸ ಮಾಡಿಸಿದೆ. ಬಿದಿರಿನ ಸಣ್ಣ ಕಡ್ಡಿಯ ತುದಿಗೆ ಸಿಗಡಿ ಸಿಕ್ಕಿಸಿ, ಅದರ ಮುಖದ ಮುಂದೆ ಮೆಲ್ಲಗೆ ಅಲುಗಿಸಬೇಕು. ಮೊದಮೊದಲು ಕಡ್ಡಿಯನ್ನೇ ನೋಡುತ್ತಿತ್ತು. ದಿನ ಕಳೆದ ಹಾಗೆ ಕಡ್ಡಿ ಕಂಡರೆ ಕಲ್ಲಿನಿಂದ ಇಳಿದು ನಡೆದು ಬರಲು ಶುರು ಮಾಡಿತು.

ನಮ್ಮೂರಿಗೆ ಕರಾವಳಿಯಿಂದ ಮೀನಿನ ಗಾಡಿ ಬರುತ್ತದೆ. ಐಸಿನ ಪೆಟ್ಟಿಗೆಯಲ್ಲಿ ಬಂಗುಡೆ, ಬೂತಾಯಿ, ಸಿಗಡಿ. ರಾಶಿಯಲ್ಲಿ ತೀರಾ ಸಣ್ಣವನ್ನೇ ನಾನು ಹೆಕ್ಕುವುದು ನೋಡಿ ಗಾಡಿಯವರು ಕೇಳಿದರು, “ಇಷ್ಟು ಸಣ್ಣ ಚಟ್ಲಿ ಎಂತಕ್ಕೆ ಮಾರಾಯ್ರೆ? ಗಸಿಗೂ ಆಗುದಿಲ್ಲ.” ವಿಷಯ ಹೇಳಿದೆ. ಮುಂದಿನ ವಾರದಿಂದ ಅವರೇ ಸಣ್ಣವನ್ನು ಬೇರೆ ಪೊಟ್ಟಣ ಕಟ್ಟಿ ತರತೊಡಗಿದರು. ಒಂದು ದಿನ ಮನೆಗೇ ಬಂದು ಮೀನು ನೋಡಿದರು. ಬಲೆಯಲ್ಲಿ ಎಂಥೆಂಥದೋ ಬರುವುದು ನೋಡಿದ್ದೇನೆ, ಕೈ ಊರಿ ನಡೆಯುವುದನ್ನು ಮಾತ್ರ ಇವತ್ತೇ ಕಂಡದ್ದು ಅಂದರು.

ನಿಜವಾದ ಪರೀಕ್ಷೆ ಮಳೆಗಾಲದ್ದು. ಗಾಳಿ ಮಳೆಗೆ ಮರ ಬಿದ್ದು ಲೈನ್ ಹರಿದರೆ ನಮ್ಮ ಕಡೆ ಕರೆಂಟ್ ಬರುವುದು ಯಾವಾಗ ಅಂತ ಹೇಳಲಾಗದು. ಟ್ಯಾಂಕಿನಲ್ಲಿ ಪಂಪ್ ನಿಂತರೆ ಮೊದಲು ಕಡಿಮೆಯಾಗುವುದು ಆಕ್ಸಿಜನ್. ಬೆಳಕು ಇಲ್ಲದಿದ್ದರೂ ನಡೆಯುತ್ತದೆ, ಹೀಟರ್ ಇಲ್ಲದೆ ಒಂದು ರಾತ್ರಿ ಕಳೆಯಬಹುದು, ಗಾಳಿ ಮಾತ್ರ ನಿಲ್ಲಬಾರದು. ಇನ್ವರ್ಟರ್‌ಗೆ ನೀರು ಕಲಕುವ ಒಂದು ಸಣ್ಣ ವೇವ್‌ಮೇಕರ್ ಮಾತ್ರ ಕೊಟ್ಟಿದ್ದೇನೆ, ಟಿವಿ ಫ್ಯಾನ್ ಏನೂ ಅದರಲ್ಲಿಲ್ಲ. ಅದಕ್ಕೂ ಮೀರಿದರೆ ಬ್ಯಾಟರಿಯ ಏರ್ ಪಂಪ್. ಒಂದು ಜುಲೈನಲ್ಲಿ ಹೊಳೆ ಉಕ್ಕಿ, ಕಂಬಗಳು ಬಿದ್ದು ದಿನಗಟ್ಟಲೆ ಕತ್ತಲೆ. ಇನ್ವರ್ಟರ್ ಬ್ಯಾಟರಿ ಇಳಿದಾಗ ಅಪ್ಪಯ್ಯ ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿ ತಂದು ಜೋಡಿಸಿಕೊಟ್ಟರು. ಅಷ್ಟೂ ದಿನ ಮೀನಿಗೆ ಏನೂ ತಿನ್ನಿಸಲಿಲ್ಲ. ತಿಂದರೆ ಅಮೋನಿಯ, ಅರಗಿಸಲು ಆಕ್ಸಿಜನ್, ಎರಡೂ ಆ ಹೊತ್ತಿಗೆ ಆಗದ ಲೆಕ್ಕ. ಬಿಸಿನೀರು ತುಂಬಿದ ಬಾಟಲಿಗಳನ್ನು ತೇಲಿಬಿಟ್ಟು, ಸುತ್ತ ಕಂಬಳಿ ಹೊದಿಸಿದೆವು. ಕ್ಯಾನಿಸ್ಟರ್ ಫಿಲ್ಟರ್, ಅಂದರೆ ಟ್ಯಾಂಕಿನ ಹೊರಗಿಡುವ ಮುಚ್ಚಿದ ಡಬ್ಬಿಯ ಫಿಲ್ಟರ್, ಇಟ್ಟುಕೊಂಡವರು ಇಂಥ ಹೊತ್ತಿನಲ್ಲಿ ಎಚ್ಚರ ಇರಬೇಕು. ಗಂಟೆಗಟ್ಟಲೆ ನಿಂತ ಫಿಲ್ಟರಿನ ಒಳಗೆ ಗಾಳಿಯಿಲ್ಲದೆ ಬ್ಯಾಕ್ಟೀರಿಯ ಸತ್ತು ನೀರು ಕೊಳೆತಿರುತ್ತದೆ. ಕರೆಂಟ್ ಬಂದ ಕೂಡಲೇ ಅದೆಲ್ಲ ಟ್ಯಾಂಕಿಗೆ ಸುರಿಯುತ್ತದೆ. ಬಿಚ್ಚಿ ತೊಳೆದೇ ಚಾಲೂ ಮಾಡಬೇಕು.

ಬೇಸಿಗೆ ಅಷ್ಟು ಕಷ್ಟ ಕೊಡಲಿಲ್ಲ. ನೀರಿನ ಮೇಲೆ ಹಾಯುವ ಹಾಗೆ ಸಣ್ಣ ಫ್ಯಾನ್ ಇಟ್ಟರೆ ಆವಿಯಾಗಿ ಎರಡು ಡಿಗ್ರಿಯಾದರೂ ಇಳಿಯುತ್ತದೆ. ಆವಿಯಾಗುವುದು ಬರೀ ನೀರು, ಉಪ್ಪು ಅಲ್ಲೇ ಉಳಿಯುತ್ತದೆ. ಹಾಗಾಗಿ ದಿನಾ ಕಡಿಮೆಯಾದಷ್ಟನ್ನು ಉಪ್ಪಿಲ್ಲದ ಆರ್‌ಒ ನೀರಿನಲ್ಲೇ ತುಂಬಬೇಕು.

ಈಗ ಅದರ ಬಣ್ಣ ಬದಲಾಗಿದೆ. ಇದು ಊಸರವಳ್ಳಿಯಂತೆ ಕ್ಷಣದಲ್ಲಿ ಆಗುವುದಲ್ಲ, ವಾರಗಟ್ಟಲೆ ಹಿಡಿಯುತ್ತದೆ. ಹಳದಿ ಮಾಸಿ ಕೆನೆ ಬಣ್ಣಕ್ಕೆ ಬಂದಿದೆ, ಮಚ್ಚೆಗಳು ಮಾತ್ರ ಇನ್ನೂ ಕೆಂಪಾಗಿವೆ. ಕೆಲವು ಸಲ ಬಾಯಿಯನ್ನು ಪೂರ್ತಿ ಅಗಲಿಸಿ ಆಕಳಿಸುತ್ತದೆ. ಮೊದಲ ಸಲ ಕಂಡಾಗ ಅಮ್ಮ ಗಾಬರಿಯಾಗಿ ಕೂಗಿದ್ದರು. ಈಗ “ಅದು ಆಕಳಿಸ್ತಿದೆ, ಬಾ ನೋಡು” ಅಂತ ಕರೆಯುತ್ತಾರೆ.

ಜೊತೆಗೊಂದು ನೀಮೋ ಮೀನು ಬಿಡಬಾರದಾ, ಪಾಪ ಒಂದೇ ಇದೆ ಅಂತ ಬಹಳ ಜನ ಕೇಳುತ್ತಾರೆ. ಆ ಕ್ಲೌನ್‌ಫಿಶ್ ಬೆಳಿಗ್ಗೆ ಇರುವುದಿಲ್ಲ. ಇನ್ನೊಂದು ಫ್ರಾಗ್‌ಫಿಶ್ ಬಿಟ್ಟರೆ ಎರಡರಲ್ಲಿ ಒಂದು ಇನ್ನೊಂದರ ಹೊಟ್ಟೆಯಲ್ಲಿ. ಒಂಟಿಯಾಗಿರುವುದೇ ಇದರ ಸ್ವಭಾವ. ಬೇರೆ ಮೀನುಗಳ ಓಡಾಟ, ಗದ್ದಲ ಇದಕ್ಕೆ ಬೇಡ.

ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆ ನಿಲ್ಲುತ್ತದೆ. ಗಾಡಿ ಬಂದರೂ ಸಣ್ಣ ಸಿಗಡಿ ಸಿಗುವುದು ಅನುಮಾನ. ಊರವರೆಲ್ಲ ಮೀನು ಹಿಡಿಯುವ ಕೂಣಿ ತಗೊಂಡು, ಮಳೆ ನೀರಿಗೆ ಹತ್ತಿ ಬರುವ ಮೀನಿಗೆ ಗದ್ದೆ ಕಡೆ ಹೊರಡುವ ಹೊತ್ತಿಗೆ ನಮ್ಮ ಮೀನಿನ ಊಟ ಫ್ರೀಜರ್‌ನಲ್ಲಿ ಇರಬೇಕು. ಮೇ ತಿಂಗಳಲ್ಲೇ ಎರಡು ತಿಂಗಳಿಗಾಗುವಷ್ಟು ಸಿಗಡಿ ತಂದು, ತೊಳೆದು, ಒಂದೊಂದು ಹೊತ್ತಿಗೆ ಒಂದೊಂದು ಪೊಟ್ಟಣ ಮಾಡಿ ಇಡುತ್ತೇನೆ. ಈ ವರ್ಷದ್ದೂ ಆಗಿದೆ. ಏರ್ ಪಂಪಿಗೆ ಹೊಸ ಬ್ಯಾಟರಿ ತರುವುದೊಂದು ಬಾಕಿ, ನಾಳೆ ಪೇಟೆಗೆ ಹೋದಾಗ ತರಬೇಕು.